ಉಪಯೋಗ ಇಲ್ಲದಿದ್ದರೆ ಏನೀಗ?

“ನಿಯೋಡಿಮಿಯಮ್ ಫಾಸ್ಫೈಡ್ ಲೇಸರ್ ಡಯೋಡ್‌ಗಳಲ್ಲಿ ಬಳಕೆಯಾಗುತ್ತದೆ ಎಂದು ರಾಸಾಯನಿಕ ಮಾರುವವರ ಪಟ್ಟಿಗಳಲ್ಲಿ ಓದಿದೆ. ಪಠ್ಯಪುಸ್ತಕದಲ್ಲಿ ಆ ಮಾತೇ ಇಲ್ಲ. ನಿಜವೇ? ಅಲ್ಲದಿದ್ದರೆ ಇಂಥದನ್ನು ತಯಾರಿಸುವುದಾದರೂ ಏಕೆ?”
— ಪಿಯು ಉಪನ್ಯಾಸಕರೊಬ್ಬರು, ತಿಪಟೂರು

ಮೇಷ್ಟ್ರೇ, ಮೊದಲ ಪ್ರಶ್ನೆಗೆ ಶಹಬ್ಬಾಸ್. ಎರಡನೆಯದಕ್ಕೆ ಸಣ್ಣದೊಂದು ಗದರಿಕೆ ಇದೆ, ತಡೆದುಕೊಳ್ಳಿ.

ಯಟ್ರಿಯಮ್, ಸಮೇರಿಯಮ್, ಎರ್ಬಿಯಮ್ ಫಾಸ್ಫೈಡ್‌ಗಳ ಎದುರಿಗೂ ಅದೇ ಲೇಸರ್ ಸಾಲು ಕೂತಿರುವುದನ್ನು ಗಮನಿಸಿದ್ದೀರಾ? ನಕಲು, ಅಷ್ಟೆ. ಫೈಬರ್ ಇಂಟರ್ನೆಟ್ಟಿನ ಲೇಸರ್‌ಗೆ ಬೇಕಾದದ್ದು ಇಂಡಿಯಮ್ ಫಾಸ್ಫೈಡ್. ನಿಯೋಡಿಮಿಯಮ್ ಲೇಸರ್ ಎಂಬುದೂ ಉಂಟು, ಆದರೆ ಅಲ್ಲಿ ಆ ಧಾತು ಯಾಗ್ ಎಂಬ ಹರಳಿನೊಳಗೆ ಚೂರುಪಾರು ಬೆರೆತಿರುತ್ತದೆ. ಫಾಸ್ಫೈಡ್ ಆಗಿ ಅಲ್ಲ.

ಹಾಗಾದರೆ ನಿಯೋಡಿಮಿಯಮ್ ಫಾಸ್ಫೈಡ್ ಎಂಥದು? ನಿಯೋಡಿಮಿಯಮ್ ಮತ್ತು ರಂಜಕ ಸೇರಿದ ಸಂಯುಕ್ತ. ಅಡುಗೆ ಉಪ್ಪಿನದೇ ಹರಳು ರಚನೆ: ಪ್ರತಿ ನಿಯೋಡಿಮಿಯಮ್ಮಿನ ಸುತ್ತ ಆರು ರಂಜಕ. ಲ್ಯಾಂಥನಮ್ ಫಾಸ್ಫೈಡ್‌ನಿಂದ ಆವರ್ತ ಕೋಷ್ಟಕದ ಲ್ಯಾಂಥನೈಡ್ ಸಾಲಿನಲ್ಲಿ ಮುಂದೆ ಹೋದಂತೆ ಹರಳಿನ ಕೋಶ ಕುಗ್ಗುತ್ತ ಹೋಗುತ್ತದೆ. ಒಳಪದರದ 4ಎಫ್ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಸೆಳೆತವನ್ನು ಸರಿಯಾಗಿ ಮರೆಮಾಡುವುದಿಲ್ಲ, ಅದಕ್ಕೇ. ಆ ಎಲೆಕ್ಟ್ರಾನುಗಳ ಕಥೆ ಹೇಳಲು ಇದಕ್ಕಿಂತ ಚೊಕ್ಕ ಪಾಠ ಯಾವುದಿದೆ? ಅರೆಲೋಹ, ಅರೆವಾಹಕಗಳ ಗಡಿಯಲ್ಲಿ ತೂಗಾಡುವ ಬಳಗ ಇದು. ಇದೇ ಮನೆತನದ ಸೀರಿಯಮ್ ಫಾಸ್ಫೈಡ್ ಅತಿ ಶೀತದಲ್ಲಿ ತೋರಿಸುವ ಕಾಂತೀಯ ಚೇಷ್ಟೆಗಳನ್ನು ಜಪಾನಿನ ಭೌತವಿಜ್ಞಾನಿಗಳು ವರ್ಷಗಟ್ಟಲೆ ಬೆನ್ನಟ್ಟಿದರು. (ಆಮ್ಲದ ಹತ್ತಿರ ಮಾತ್ರ ಒಯ್ಯಬೇಡಿ. ಫಾಸ್ಫೀನ್ ಹೊರಡುತ್ತದೆ: ಉಗ್ರಾಣದಲ್ಲಿ ಹುಳು ಕೊಲ್ಲಲು ಇಡುವ ಮಾತ್ರೆಯಿಂದ ಏಳುವ ಅದೇ ವಿಷಾನಿಲ.)

ಇನ್ನು ‘ಏಕೆ’. ಸರ್ಕಾರದ ದುಡ್ಡಿಗೆ ಲೆಕ್ಕ ಕೇಳುವುದು ತಪ್ಪಲ್ಲ, ಒಪ್ಪಿದೆವು. ಆದರೆ 1885ರಲ್ಲಿ ಆಸ್ಟ್ರಿಯಾದ ರಸಾಯನವಿಜ್ಞಾನಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ ನಿಯೋಡಿಮಿಯಮ್ಮನ್ನು ಅದರ ಜೋಡಿ ಧಾತು ಪ್ರಾಸಿಯೋಡಿಮಿಯಮ್ಮಿನಿಂದ ಬೇರ್ಪಡಿಸಿದಾಗ, ಅದರಿಂದ ಬಲಿಷ್ಠ ಅಯಸ್ಕಾಂತವಾದೀತೆಂದು ಯಾರು ಕನಸು ಕಂಡಿದ್ದರು? ಅದಕ್ಕೆ 1980ರ ದಶಕವೇ ಬರಬೇಕಾಯಿತು. ಗ್ಯಾಲಿಯಮ್ ಆರ್ಸೆನೈಡ್ ಎಂಬ ಅರೆವಾಹಕ 1920ರ ದಶಕದಲ್ಲೇ ತಯಾರಾಗಿತ್ತು. ಅದು ಲೇಸರ್ ಆಗಿ ಬೆಳಗಿದ್ದು 1962ರಲ್ಲಿ. ಆ ನಡುವಿನ ವರ್ಷಗಳಲ್ಲಿ ನಿಮ್ಮಂಥವರೊಬ್ಬರು ‘ಏಕೆ’ ಎಂದು ಗದರಿ ಬಾಗಿಲು ಹಾಕಿಸಿದ್ದರೆ?

ನಮ್ಮ ಮಕ್ಕಳ ನೋಟ್ಸು ನೋಡಿ: ಗುಣಗಳು ಎರಡು ಸಾಲು, ಉಪಯೋಗಗಳು ಹತ್ತು. ಸಂಶೋಧನೆಗೆ ಅನುದಾನ ಕೇಳುವ ಅರ್ಜಿಯಲ್ಲೂ ಸಮಾಜಕ್ಕೇನು ಲಾಭ ಎಂಬ ಕಲಂ. ಪಾಪ, ಹುಡುಗರು ಅಲ್ಲಿ ಕ್ಯಾನ್ಸರ್ ಗುಣಪಡಿಸುತ್ತೇವೆಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಸುಳ್ಳು ಹೇಳಲು ನಾವೇ ಕಲಿಸಿ, ಆಮೇಲೆ ಪಟ್ಟಿ ಬರೆದ ರಾಸಾಯನಿಕ ಮಾರುವವನನ್ನು ಬೈಯುತ್ತೇವೆ.

ನಿಮ್ಮ ಟಿಪ್ಪಣಿಯ ಲೇಸರ್ ಸಾಲನ್ನು ಹೊಡೆದುಹಾಕಿ. ಆ ಜಾಗದಲ್ಲಿ ‘ಸದ್ಯ ಪ್ರಯೋಗಾಲಯಕ್ಕಷ್ಟೇ’ ಎಂದು ಬರೆದ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡಿ.

— ಸಂ.