ಕಸ ಕಡಿಮೆ ಆಗುವ ಹಾಗೆ ಪುಟ್ಟ ಮಕ್ಕಳ ಊಟದ ಡಬ್ಬಿ ಕಟ್ಟುವುದು ಹೇಗೆ?

ಐದು ವರ್ಷದ ಮಗಳ ಊಟಕ್ಕೆ ದಿನಾ ಬಳಸುವ ಪ್ಲಾಸ್ಟಿಕ್ ಕವರ್, ಫಾಯಿಲ್, ಪುಟ್ಟ ಪ್ಯಾಕೆಟ್‌ಗಳನ್ನು ಬಿಡಬೇಕು, ಯಾವ ಡಬ್ಬಿ ತಗೊಳ್ಳಲಿ ಅಂತ ಕೇಳಿದ್ದೀರಿ. ಕೊನೆಗೆ ಸುಮ್ನೆ ಸೇರಿಸಿದ ಹಾಗೆ ಇನ್ನೊಂದು ಸಾಲಿದೆ: ಅರ್ಧ ಊಟ ಹಾಗೇ ವಾಪಸ್ ಬರುತ್ತದೆ ಅಂತ. ನನ್ನ ಪ್ರಕಾರ ನಿಮ್ಮ ನಿಜವಾದ ಪ್ರಶ್ನೆ ಅದೇ.

ನಾನು ಚಿಕ್ಕ ಮಕ್ಕಳ ತರಗತಿಯ ಟೀಚರ್. ಊಟದ ಹೊತ್ತಿನಲ್ಲಿ ಅವರ ಜೊತೆ ಕೂರುವುದೂ ನನ್ನ ಕೆಲಸವೇ. ಊಟ ಮುಗಿದ ಮೇಲೆ ಕಸದ ಬುಟ್ಟಿ ಎತ್ತಿ ನೋಡಿದರೆ ಅದು ಭಾರ ಆಗಿರುವುದು ಕವರ್‌ಗಳಿಂದ ಅಲ್ಲ, ಊಟದಿಂದ. ಎರಡು ಸಲ ಕಚ್ಚಿ ಬಿಟ್ಟ ಹಣ್ಣು, ಮುಟ್ಟದೇ ಇರುವ ತರಕಾರಿ ಹೋಳು, ಒಣಗಿದ ಬ್ರೆಡ್ಡು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 105 ಕೋಟಿ ಟನ್ ಆಹಾರ ಕಸ ಸೇರಿತು. ಅದರಲ್ಲಿ ಶೇಕಡಾ 60ರಷ್ಟು ಮನೆಗಳದ್ದೇ. ಹಾಗಾಗಿ ಎಷ್ಟೇ ಚೆಂದದ ಸ್ಟೀಲ್ ಡಬ್ಬಿ ಕೊಂಡರೂ ಒಳಗಿನದು ಅರ್ಧ ಎಸೆಯುತ್ತಿದ್ದರೆ ಕಸ ಕಡಿಮೆ ಆಯಿತು ಅನ್ನೋಕೆ ಆಗಲ್ಲ, ಅಲ್ವಾ?

ಮಕ್ಕಳು ಯಾಕೆ ತಿನ್ನುವುದಿಲ್ಲ? ರುಚಿ ಹಿಡಿಸಲಿಲ್ಲ ಅಂತ ಅಪ್ಪ ಅಮ್ಮ ಅಂದುಕೊಳ್ಳುತ್ತಾರೆ. ನಾನು ನೋಡಿದ ಹಾಗೆ ಹೆಚ್ಚಿನ ಸಲ ಸಮಯ ಸಾಲುವುದಿಲ್ಲ. ಬೆಲ್ ಹೊಡೆದ ಮೇಲೆ ಕೈ ತೊಳೆಯಬೇಕು, ಬ್ಯಾಗ್ ಹುಡುಕಬೇಕು, ಜಾಗ ಹಿಡಿಯಬೇಕು, ಪಕ್ಕದವರ ಡಬ್ಬಿಯಲ್ಲಿ ಏನಿದೆ ಅಂತ ಇಣುಕಬೇಕು. ಅದು ಬಿಡೋಕೆ ಆಗದ ಕೆಲಸ! ಉಳಿಯುವುದು ಸ್ವಲ್ಪವೇ ಹೊತ್ತು. ಅಮೆರಿಕದ ಹಾರ್ವರ್ಡ್ ಸಂಶೋಧಕರು ಶಾಲೆಯಲ್ಲಿ ಬಡಿಸುವ ಊಟದ ಬಗ್ಗೆ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಕೂತು ತಿನ್ನಲು 20 ನಿಮಿಷಕ್ಕಿಂತ ಕಡಿಮೆ ಸಿಕ್ಕ ಮಕ್ಕಳು, 25 ನಿಮಿಷವಾದರೂ ಸಿಕ್ಕವರಿಗಿಂತ ಮುಖ್ಯ ಊಟವನ್ನು ಶೇಕಡಾ 13ರಷ್ಟು, ತರಕಾರಿಯನ್ನು ಶೇಕಡಾ 12ರಷ್ಟು ಕಡಿಮೆ ತಿಂದಿದ್ದರು. ಆಟ ಊಟಕ್ಕೆ ಮುಂಚೆ ಇದೆಯೋ ಆಮೇಲೆ ಇದೆಯೋ ಅನ್ನುವುದೂ ಮುಖ್ಯ. ಊಟ ಆದ ಮೇಲೆ ಆಟ ಅಂದರೆ ಅವರ ಕಣ್ಣು ಬಾಗಿಲ ಮೇಲೇ ಇರುತ್ತದೆ. ನಿಮ್ಮ ಶಾಲೆಯಲ್ಲಿ ಹೇಗಿದೆ ಅಂತ ಟೀಚರನ್ನು ಕೇಳಿ. ವೇಳಾಪಟ್ಟಿಯಲ್ಲಿ ಬರೆದಿರುವ ನಿಮಿಷ ಬೇಡ, ಮಗು ನಿಜವಾಗಿ ಕೂತು ತಿನ್ನುವ ನಿಮಿಷ ಎಷ್ಟು ಅಂತ ಕೇಳಿ.

ಇನ್ನೊಂದು ಕಾರಣ ಮುಚ್ಚಳ. ನಾಲ್ಕೂ ಕಡೆ ಕ್ಲಿಪ್ ಇರುವ ಡಬ್ಬಿ ನೋಡಿದ್ದೀರಲ್ಲ? ಐದು ವರ್ಷದ ಮಗು ಅದನ್ನು ಎದೆಗೆ ಒತ್ತಿ ಹಿಡಿದು, ಎರಡು ಹೆಬ್ಬೆರಳಿನಿಂದ ಮೂರು ಕ್ಲಿಪ್ ತೆಗೆಯುತ್ತದೆ. ನಾಲ್ಕನೆಯದಕ್ಕೆ ಹಲ್ಲು. ಅದು ಪಟ್ ಅಂತ ಬಿಚ್ಚಿದಾಗ ಅರ್ಧ ಊಟ ಮಡಿಲಲ್ಲಿ. ನಾಚಿಕೆ ಸ್ವಭಾವದ ಮಕ್ಕಳು ಸಹಾಯ ಕೇಳುವುದೂ ಇಲ್ಲ, ಬಿಸ್ಕತ್ತು ಮಾತ್ರ ತಿಂದು ಸುಮ್ಮನೆ ಕೂರುತ್ತಾರೆ. ಸ್ಟೀಲ್ ಡಬ್ಬಿಗೂ ಅದರದೇ ತರಲೆ ಇದೆ. ಬಿಸಿಬಿಸಿ ಊಟ ಹಾಕಿ ಬಿಗಿಯಾಗಿ ಮುಚ್ಚಿದರೆ, ಆರುವಾಗ ಒಳಗಿನ ಹಬೆ ನೀರಾಗಿ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಆಗ ದೊಡ್ಡವರ ಕೈಗೂ ಅದು ಸುಲಭಕ್ಕೆ ಬರುವುದಿಲ್ಲ.

ಅದಕ್ಕೆ ಹೊಸದು ಕೊಳ್ಳುವ ಮುಂಚೆ ಒಂದು ರಜೆಯ ದಿನ ಮನೆಯಲ್ಲೇ ರಿಹರ್ಸಲ್ ಮಾಡಿ. ಬೆಳಿಗ್ಗೆ ಡಬ್ಬಿ ಕಟ್ಟಿ ಬ್ಯಾಗಿನೊಳಗೆ ಇಡಿ. ಮಧ್ಯಾಹ್ನ ಮಗಳೇ ಜಿಪ್ ತೆಗೆದು, ಡಬ್ಬಿ ಬಿಚ್ಚಿ, ತಿಂದು, ಮುಚ್ಚಿ ವಾಪಸ್ ಇಡಲಿ. ನೀವು ಕೈ ಹಾಕಬೇಡಿ, ಗಡಿಯಾರ ಮಾತ್ರ ನೋಡಿ. ಎಲ್ಲಿ ತಡವರಿಸುತ್ತಾಳೆ ಅಂತ ಕಣ್ಣಿಗೇ ಕಾಣುತ್ತದೆ.

ಪ್ರಮಾಣದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನೀವು ಈಗ ಕಳಿಸುವುದರಲ್ಲಿ ಮೂರನೇ ಒಂದು ಭಾಗ ಕಡಿಮೆ ಮಾಡಿ ನೋಡಿ. ಹಸಿದು ಬಂದರೆ ಮನೆಯಲ್ಲಿ ತಿನ್ನಲಿ. ಆರು ಖಾನೆಯ ಡಬ್ಬಿ ನನಗೆ ಇಷ್ಟವಿಲ್ಲ. ಖಾನೆ ಖಾಲಿ ಇದ್ದರೆ ಅಪ್ಪ ಅಮ್ಮನಿಗೆ ಸಮಾಧಾನ ಇರುವುದಿಲ್ಲ, ಏನಾದರೂ ತುಂಬುತ್ತಾರೆ, ಅದು ವಾಪಸ್ ಬರುತ್ತದೆ. ಎರಡು ಖಾನೆ ಸಾಕು.

ಹಣ್ಣನ್ನು ಇಡಿಯಾಗಿ ಕಳಿಸಿದರೆ ಕಚ್ಚಿ ಬಿಡುವುದೇ ಜಾಸ್ತಿ. ಹೋಳು ಮಾಡಿದರೆ ಮುಗಿಯುತ್ತದೆ. ಸೇಬು ಕಪ್ಪಾಗುತ್ತದೆ ಅನ್ನುವ ಚಿಂತೆ ಬೇಡ. ಕತ್ತರಿಸಿದ ಜಾಗಕ್ಕೆ ಗಾಳಿ ತಾಗಿ ಅದರ ಕಿಣ್ವ ಕೆಲಸ ಶುರು ಮಾಡುವುದರಿಂದ ಬಣ್ಣ ತಿರುಗುತ್ತದೆ, ಅಷ್ಟೇ. ಹೋಳುಗಳನ್ನು ಮತ್ತೆ ಇಡೀ ಹಣ್ಣಿನ ಹಾಗೆ ಜೋಡಿಸಿ ಒಂದು ರಬ್ಬರ್ ಬ್ಯಾಂಡ್ ಹಾಕಿ, ಅಥವಾ ಎರಡು ಹನಿ ನಿಂಬೆರಸ ಸವರಿ. ದ್ರಾಕ್ಷಿಯನ್ನು ಮಾತ್ರ ಈ ವಯಸ್ಸಿನವರಿಗೆ ಇಡಿಯಾಗಿ ಹಾಕಲೇಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ಸೀಳಿ ನಾಲ್ಕು ಮಾಡಿ.

ಈಗ ಕವರ್‌ಗಳ ವಿಷಯ. ಇದು ಸುಲಭದ ಭಾಗ. ಹಿಂಡಿ ಕುಡಿಯುವ ಪೌಚ್‌ಗಳನ್ನು ಮೊದಲು ಬಿಡಿ. ಅವುಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿ ಮಾಡಿದವು. ಪದರ ಬೇರೆ ಮಾಡುವುದು ಕಷ್ಟವಾದ್ದರಿಂದ ಮರುಬಳಕೆಗೆ ಹೋಗುವುದು ಅಪರೂಪ. ಸಣ್ಣ ಪ್ಯಾಕೆಟ್ ಬದಲು ದೊಡ್ಡ ಪ್ಯಾಕ್ ತಂದು ಪುಟ್ಟ ಡಬ್ಬಿಗೆ ಹಾಕಿಕೊಡಿ. ಟಿಶ್ಯೂ ಬದಲು ಹಳೆಯ ಮೆತ್ತನೆಯ ಹತ್ತಿ ಅಂಗಿಯನ್ನು ಕತ್ತರಿಸಿ ಅಂಚು ಹೊಲಿದರೆ ಒಳ್ಳೆಯ ಕೈವಸ್ತ್ರ ಆಗುತ್ತದೆ. ಫಾಯಿಲ್‌ನಲ್ಲಿ ಹುಳಿ ಪದಾರ್ಥ ಸುತ್ತುವುದು ಹೇಗೂ ಒಳ್ಳೆಯದಲ್ಲ, ಹುಳಿ ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ. ಡಬ್ಬಿ ಯಾವುದು ಅಂತ ಕೇಳಿದಿರಲ್ಲ, ಅಡುಗೆಮನೆಯಲ್ಲಿ ಈಗಾಗಲೇ ಇರುವುದರಲ್ಲಿ ಮಗಳು ತಾನೇ ತೆಗೆಯಬಲ್ಲದ್ದು ಯಾವುದೋ ಅದೇ. ಪ್ಲಾಸ್ಟಿಕ್ ಡಬ್ಬಿ ಒಡೆಯದೆ ಚೆನ್ನಾಗಿದ್ದರೆ ಅದನ್ನು ಎಸೆದು ಸ್ಟೀಲ್ ತರುವುದು ಕಸ ಕಡಿಮೆ ಮಾಡುವ ದಾರಿ ಅಲ್ಲ. ಬಿಸಿ ಪದಾರ್ಥ ಹಾಕಬೇಡಿ, ಒಣ ತಿಂಡಿಗೆ ಇಟ್ಟುಕೊಳ್ಳಿ.

ಕವರ್ ಬಿಟ್ಟ ಮೇಲೆ ಊಟ ಕೆಡಬಾರದು, ಅದಕ್ಕೊಂದು ಮಾತು. ಬೇಯಿಸಿದ, ಹಾಲು ಮೊಸರಿನ ಪದಾರ್ಥಗಳು ಹೊರಗಿನ ಬಿಸಿಯಲ್ಲಿ 2 ಗಂಟೆಗಿಂತ ಜಾಸ್ತಿ ಇರಬಾರದು ಅನ್ನುವುದು ಸಾಮಾನ್ಯ ಲೆಕ್ಕ. ಸೆಕೆ 32 ಡಿಗ್ರಿ ದಾಟಿದರೆ 1 ಗಂಟೆ. ತಣ್ಣಗಿರಬೇಕಾದ ಡಬ್ಬಿಯ ಪಕ್ಕ ರಾತ್ರಿ ಫ್ರೀಜರ್‌ನಲ್ಲಿಟ್ಟ ಪುಟ್ಟ ನೀರಿನ ಬಾಟಲಿ ಇಡಿ, ಊಟದ ಹೊತ್ತಿಗೆ ಅದೇ ಕುಡಿಯುವ ನೀರೂ ಆಗುತ್ತದೆ. ಬಾಟಲಿಯನ್ನು ಪೂರ್ತಿ ತುಂಬಬೇಡಿ, ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಬಿಸಿ ಇರಬೇಕಾದದ್ದಕ್ಕೆ ಥರ್ಮಸ್ ಡಬ್ಬಿ. ಅದಕ್ಕೆ ಮೊದಲು ಕುದಿಯುವ ನೀರು ಹಾಕಿ ಐದು ಹತ್ತು ನಿಮಿಷ ಬಿಟ್ಟು, ಚೆಲ್ಲಿ, ಆಮೇಲೆ ಊಟ ತುಂಬಿ. ಕೊಡುವ ಮುಂಚೆ ಮುಚ್ಚಳ ಅವಳ ಕೈಗೆ ಬರುತ್ತದೆಯೇ, ಒಳಗಿನದು ನಾಲಿಗೆ ಸುಡುವುದಿಲ್ಲವೇ ಅಂತ ನೋಡಿಕೊಳ್ಳಿ. ಮುಚ್ಚಳದ ರಬ್ಬರ್ ರಿಂಗನ್ನು ಆಗಾಗ ಬಿಚ್ಚಿ ತೊಳೆದು ಒಣಗಿಸಿ. ಅದರ ಹಿಂದೆ ಕಪ್ಪಗೆ ಬೂಸ್ಟು ಕೂರುತ್ತದೆ, ಮೇಲಿಂದ ಕಾಣುವುದೇ ಇಲ್ಲ.

ಕೊನೆಗೆ ಮಗಳಿಗೆ ಒಂದು ವಿಷಯ ಹೇಳಿಡಿ: ಉಳಿದದ್ದನ್ನು ಶಾಲೆಯ ಬುಟ್ಟಿಗೆ ಹಾಕದೆ ಮನೆಗೇ ತರಲಿ. ಬೈಯುತ್ತಾರೆ ಅನ್ನುವ ಭಯಕ್ಕೆ ಡಬ್ಬಿ ಕೊಡವಿ, ಖಾಲಿ ಮಾಡಿಕೊಂಡು ಹೋಗುವ ಮಕ್ಕಳು ಎಷ್ಟೋ ಜನ. ಹಾಗಾದರೆ ಏನು ಉಳಿಯಿತು ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ವಾಪಸ್ ಬಂದಾಗ 'ಯಾಕೆ ತಿಂದಿಲ್ಲ?' ಅನ್ನಬೇಡಿ. 'ಇವತ್ತು ಪಕ್ಕದಲ್ಲಿ ಯಾರು ಕೂತಿದ್ದರು?' ಅಂತ ಕೇಳಿ, ಉಳಿದ ಕಥೆ ತಾನಾಗಿ ಬರುತ್ತದೆ. ಒಣ ತಿಂಡಿ ಉಳಿದಿದ್ದರೆ ಸಂಜೆಗೆ ಆಗುತ್ತದೆ. ಇಡೀ ದಿನ ಬ್ಯಾಗಿನಲ್ಲಿದ್ದ ಬೇಯಿಸಿದ ಊಟವನ್ನು ಮಾತ್ರ ಉಳಿಸಲು ಹೋಗಬೇಡಿ, ಗೊಬ್ಬರದ ಗುಂಡಿಗೆ ಹಾಕಿ.