ಓದುಗರ ಪ್ರಶ್ನೆ, ಬಲ್ಲವರ ಉತ್ತರ: ನೀರಿನಡಿಯ ಉಸಿರು

ಮಳೆಗಾಲ ಮುಗಿದು ಕಡಲು ತಿಳಿಯಾಗುವ ಹೊತ್ತಿಗೆ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪ, ಅಂಡಮಾನ್ ಕಡೆ ಹೊರಡುವವರು ನಮ್ಮ ಭಾಗದಲ್ಲೂ ಹೆಚ್ಚುತ್ತಿದ್ದಾರೆ. ಮೊದಲ ಸಲ ಸ್ಕೂಬಾ ಡೈವಿಂಗ್ (ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನೀರಿನಡಿ ಉಸಿರಾಡುತ್ತ ಈಜುವುದು) ಮಾಡುವವರಿಗಾಗಿ ಪ್ರಶ್ನೆ ಆಹ್ವಾನಿಸಿದ್ದೆವು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಚಿಕ್ಕಂದಿನಿಂದ ತುಂಗಭದ್ರೆಯಲ್ಲಿ ಈಜಿದವನು ನಾನು. ಒಂದು ನಿಮಿಷಕ್ಕೂ ಹೆಚ್ಚು ಉಸಿರು ಹಿಡಿದು ಮುಳುಗಬಲ್ಲೆ. ನನಗೂ ತರಬೇತಿ ಬೇಕೇ?
— ಕಂಪ್ಲಿಯ ಓದುಗರು

ಬೇಕು. ನಿಮ್ಮಂಥವರಿಗೇ ಒಂದು ವಿಷಯ ಹೆಚ್ಚು ಒತ್ತಿ ಹೇಳಬೇಕು. ಹೊಳೆಯಲ್ಲಿ ಮುಳುಗುವಾಗ ಮೇಲಿನ ಗಾಳಿಯನ್ನು ಎದೆ ತುಂಬ ಎಳೆದುಕೊಂಡು ಇಳಿಯುತ್ತೀರಿ. ಆಳಕ್ಕೆ ಹೋದಂತೆ ನೀರಿನ ಒತ್ತಡಕ್ಕೆ ಆ ಗಾಳಿ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಶ್ವಾಸಕೋಶಕ್ಕೆ ಏನೂ ಆಗುವುದಿಲ್ಲ.

ಸ್ಕೂಬಾದ ಲೆಕ್ಕವೇ ಬೇರೆ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನವಾದ ರೆಗ್ಯುಲೇಟರ್ ನಿಮಗೆ ಆಯಾ ಆಳದ ಒತ್ತಡಕ್ಕೆ ಸರಿಹೊಂದುವ ಗಾಳಿಯನ್ನೇ ಕೊಡುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎದೆ ತುಂಬ ಉಸಿರು ಎಳೆದು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗದು, ಹರಿಯುತ್ತದೆ. ಗಾಳಿಗುಳ್ಳೆ ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಕುತ್ತು. ಎದೆ ತುಂಬ ಉಸಿರಿದ್ದರೆ ಇದಕ್ಕೆ ಒಂದೂವರೆ ಮೀಟರ್ ಆಳವೂ ಸಾಕು. ಆದ್ದರಿಂದ ‘ಎದೆಮಟ್ಟದ ನೀರು ತಾನೇ’ ಎಂದು ಉದಾಸೀನ ಮಾಡಬೇಡಿ.

ನೀರಿನಡಿ ಉಸಿರಾಟ ನಿಲ್ಲಲೇಬಾರದು: ನಿಧಾನವಾಗಿ ಒಳಗೆ, ಅದಕ್ಕಿಂತ ನಿಧಾನವಾಗಿ ಹೊರಗೆ. ಅಭ್ಯಾಸಕ್ಕಾಗಿ ರೆಗ್ಯುಲೇಟರನ್ನು ಬಾಯಿಂದ ತೆಗೆದಾಗಲೂ ತುಟಿಯಿಂದ ಸಣ್ಣ ಗುಳ್ಳೆಗಳು ಹೊರಬರುತ್ತಿರಬೇಕು. ಮತ್ತೆ ಬಾಯಿಗಿಟ್ಟುಕೊಂಡ ಮೇಲೆ ಒಮ್ಮೆ ಜೋರಾಗಿ ಊದಿ ಒಳಗಿನ ನೀರು ಹೊರದಬ್ಬಿ, ಆಮೇಲೆ ಉಸಿರೆಳೆಯಿರಿ. ಊದಲು ಉಸಿರಿಲ್ಲದಿದ್ದರೆ ರೆಗ್ಯುಲೇಟರಿನ ಮುಂಭಾಗದ ಗುಂಡಿ ಒತ್ತಿ. ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್ ದಾಟಬಾರದು. ನೀವು ಬಿಟ್ಟ ಗುಳ್ಳೆಗಳಲ್ಲಿ ಅತಿ ಸಣ್ಣದು ಸದಾ ನಿಮಗಿಂತ ಮುಂದಿರಲಿ.

ಇನ್ನೊಂದು ಕಳಕಳಿಯ ಮಾತು. ಸ್ಕೂಬಾಗೆ ತಯಾರಿ ಎಂದು ಕಾಲುವೆಯಲ್ಲೋ ಹೊಳೆಯ ಮಡುವಿನಲ್ಲೋ ಮುಳುಗಿ ನೋಡಬೇಡಿ. ಅಲ್ಲಿ ಸೆಳೆತವಿದೆ, ಒಂದು ಮೊಳ ಮುಂದಿನದೂ ಕಾಣದು. ಈಜುಕೊಳ ಸಾಕು.

ಸ್ವಲ್ಪ ಇಳಿದ ಕೂಡಲೇ ಕಿವಿ ಸಿಡಿದಂತಾಗುತ್ತದೆ ಎನ್ನುತ್ತಾರೆ. ಐದಾರು ಮೀಟರಿಗೇ ಹೀಗಾದರೆ ಆಳಕ್ಕೆ ಹೋದವರ ಗತಿಯೇನು?
— ಸಿಂಧನೂರಿನ ಶಿಕ್ಷಕಿ

ಮೇಡಂ, ಕಿವಿಗೆ ಕಷ್ಟವಿರುವುದು ಆ ಐದಾರು ಮೀಟರಿನಲ್ಲೇ. ಮೇಲ್ಮೈಯಿಂದ ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮುಂದಿನ ಹತ್ತು ಮೀಟರಿನಲ್ಲಿ ಅದು ಅರ್ಧದಿಂದ ಮೂರನೇ ಒಂದಕ್ಕೆ ಇಳಿಯುತ್ತದೆ, ಅಷ್ಟೇ. ಹೊಸಬರು ಓಡಾಡುವ ಆಳದಲ್ಲೇ ಬದಲಾವಣೆ ಹೆಚ್ಚು.

ಕಣ್ಣು–ಮೂಗು ಮುಚ್ಚುವ ಗಾಜಿನ ಮಾಸ್ಕ್ ಹಾಕಿರುತ್ತೀರಿ. ಮೂಗನ್ನು ಅದರ ಮೇಲಿಂದ ಎರಡು ಬೆರಳಲ್ಲಿ ಹಿಡಿದು, ಬಾಯಿ ಮುಚ್ಚಿದಂತೆಯೇ ಇಟ್ಟು, ಮೂಗಿನಿಂದ ಮೆಲ್ಲಗೆ ಊದಿ. ಕಿವಿಯಲ್ಲಿ ‘ಟಕ್’ ಎಂದು ಸಣ್ಣ ಸದ್ದಾಗುತ್ತದೆ. ಇದನ್ನು ನೋವು ಬಂದ ಮೇಲೆ ಮಾಡುವುದೇ ಎಲ್ಲರ ತಪ್ಪು. ತಲೆ ಮುಳುಗುವ ಮೊದಲೇ ಒಮ್ಮೆ ಮಾಡಿ. ಆಮೇಲೆ ಅರ್ಧ ಮೀಟರಿಗೊಮ್ಮೆ, ನೋವಿಲ್ಲದಿದ್ದರೂ ಮಾಡುತ್ತಿರಿ. ತಡಮಾಡಿದರೆ ಕಿವಿ–ಗಂಟಲಿನ ನಡುವಿನ ನಾಳದ ಬಾಯಿ ಒತ್ತಡಕ್ಕೆ ಅಂಟಿಕೊಳ್ಳುತ್ತದೆ, ಆಗ ಎಷ್ಟು ಊದಿದರೂ ತೆರೆಯದು. ಜೋರಾಗಿ ಊದಿದರೆ ಒಳಗಿವಿಗೇ ಪೆಟ್ಟು. ಅಂಥ ಹೊತ್ತಲ್ಲಿ ಒಂದು ಮೀಟರ್ ಮೇಲೆ ಬನ್ನಿ, ಎಂಜಲು ನುಂಗಿ, ಮತ್ತೆ ಮೆಲ್ಲಗೆ ಊದಿ. ಕಾಲು ಕೆಳಗೆ, ತಲೆ ಮೇಲೆ ಇಟ್ಟು ಇಳಿದರೆ ಸುಲಭ. ಆಗಲೂ ತೆರೆಯದಿದ್ದರೆ ಆ ದಿನ ಬಿಟ್ಟುಬಿಡಿ. ದುಡ್ಡು ಕಟ್ಟಿದ್ದೇವೆಂದು ಕಿವಿ ಕಳೆದುಕೊಳ್ಳಬಾರದು.

ನೆಗಡಿಯಿದ್ದರೆ ಇಳಿಯಲೇಬೇಡಿ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದರೆ, ಅದರ ಗುಣ ನೀರಿನಡಿಯಲ್ಲೇ ಇಳಿದು, ಮೇಲೆ ಬರುವಾಗ ಗಾಳಿ ಕಿವಿಯಲ್ಲೇ ಸಿಕ್ಕಿಕೊಳ್ಳಬಹುದು.

ನನಗೆ ಕನ್ನಡಕವಿದೆ, ದಪ್ಪ ಮೀಸೆಯೂ ಇದೆ. ತೊಂದರೆಯಾದೀತೇ?
— ಕುಷ್ಟಗಿಯ ಓದುಗರು

ಕನ್ನಡಕದ ಕಡ್ಡಿ ಮಾಸ್ಕಿನ ಅಂಚಿನಡಿ ಬಂದರೆ ನೀರು ನುಗ್ಗುತ್ತದೆ, ಹಾಗಾಗಿ ಅದು ಆಗದು. ಪವರ್ ಇರುವ ಗಾಜಿನ ಮಾಸ್ಕ್ ಹಲವು ಕಡೆ ಸಿಗುತ್ತದೆ, ಬುಕ್ ಮಾಡುವಾಗಲೇ ನಂಬರ್ ತಿಳಿಸಿ. ಅಲ್ಪ ದೋಷವಿದ್ದರೆ ಹಾಗೇ ಹೋಗಿ: ನೀರಿನಡಿ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ, ಕಾಲುಭಾಗ ಹತ್ತಿರವಾಗಿ ಕಾಣುತ್ತವೆ.

ಮೀಸೆಯನ್ನು ಪೂರ್ತಿ ಬೋಳಿಸಬೇಕಿಲ್ಲ. ಮೂಗಿನ ಕೆಳಗೆ ಮಾಸ್ಕಿನ ಅಂಚು ಕೂರುವಲ್ಲಿ ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿ ಸಣ್ಣಗೆ ಕತ್ತರಿಸಿದರೆ ಸಾಕು. ಅದೂ ಮನಸ್ಸಿಲ್ಲವೆಂದರೆ ಅಲ್ಲಿ ಸಿಲಿಕೋನ್ ಗ್ರೀಸ್ ಸವರಿ. ಆದರೂ ಹನಿಹನಿ ನೀರು ಬರುತ್ತದೆ. ಬಂದದ್ದನ್ನು ಹೊರಹಾಕುವುದು ಹೀಗೆ: ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಮುಖ ತುಸು ಮೇಲೆತ್ತಿ, ಮೂಗಿನಿಂದ ಉದ್ದಕ್ಕೆ ಊದಿ. ಗಾಳಿ ಮೇಲೆ ನಿಂತು ನೀರು ಕೆಳಗಿನಿಂದ ಹೋಗುತ್ತದೆ. ಮೂಗಿಗೆ ನೀರು ತಾಗಿದಾಕ್ಷಣ ಗಾಬರಿಯಾಗಿ ಮಾಸ್ಕ್ ಕಿತ್ತೆಸೆಯುವವರೇ ಹೆಚ್ಚು. ಸೊಂಟಮಟ್ಟದ ನೀರಲ್ಲಿ ಮಂಡಿಯೂರಿ ಐದಾರು ಸಲ ಮಾಡಿದರೆ ಆ ಗಾಬರಿ ಹೋಗುತ್ತದೆ.

ಆಕ್ಸಿಜನ್ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?
— ಗಂಗಾವತಿಯ ಕಾಲೇಜು ವಿದ್ಯಾರ್ಥಿ

ಅದರಲ್ಲಿರುವುದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಗಾಳಿಯೇ. ಅದನ್ನು ಸೋಸಿ, ಒಣಗಿಸಿ, ಒತ್ತಿ ತುಂಬಿರುತ್ತಾರೆ. ಕಾರಿನ ಟೈರಿಗೆ ಮೂವತ್ತು ಚಿಲ್ಲರೆ ಪಿಎಸ್‌ಐ ಹಿಡಿಸಿದರೆ, ಇದಕ್ಕೆ 3000ದ ಹತ್ತಿರ, ಅಂದರೆ 200 ಬಾರ್. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್, ಹಾಗಾಗಿ ಗಾಳಿ 2200 ಲೀಟರ್. ಗಾಳಿಯ ಒತ್ತಡ ತೋರಿಸುವ ಮೀಟರಿನಲ್ಲಿ 50 ಬಾರ್ ಉಳಿದಿರುವಾಗಲೇ ನೀವು ನೀರಿನ ಮೇಲಿರಬೇಕು. ಅದನ್ನು ಕಳೆದರೆ ಬಳಸಲು 1650 ಲೀಟರ್.

ಹೊಸಬರು ನಿಮಿಷಕ್ಕೆ 25 ಲೀಟರ್ ಎಳೆಯುತ್ತಾರೆ ಎಂದುಕೊಳ್ಳಿ. ಐದು ಮೀಟರಿನಲ್ಲಿ ಅದು ಒಂದೂವರೆ ಪಟ್ಟು, 44 ನಿಮಿಷ ಬರುತ್ತದೆ. ಹತ್ತು ಮೀಟರಿನಲ್ಲಿ ಎರಡು ಪಟ್ಟು, 33 ನಿಮಿಷ. ಕೈ ಬಡಿದು ಈಜಿದರೆ ಇನ್ನೂ ಬೇಗ ಖಾಲಿ. ಕೈ ಕಟ್ಟಿಕೊಂಡು ಫಿನ್ಸ್‌ನಿಂದಷ್ಟೇ (ಕಾಲಿಗೆ ತೊಡುವ ಈಜುರೆಕ್ಕೆ) ಸಾಗಿ.

ಸಂಡೂರು ಕಡೆ ಗಣಿಯಲ್ಲಿ ಕೆಲಸ. ಧೂಳಿಗೆ ಆಗಾಗ ಕೆಮ್ಮು, ಸ್ವಲ್ಪ ಗೊರಗೊರ. ಡೈವಿಗೆ ಮೊದಲು ತುಂಬುವ ಆರೋಗ್ಯದ ಫಾರ್ಮಿನಲ್ಲಿ ‘ಇಲ್ಲ’ ಎಂದು ಟಿಕ್ ಮಾಡಿದರೆ ನಡೆಯುತ್ತದೆ ಎಂದು ಗೆಳೆಯರು ಹೇಳುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಕಫವೋ ಊತವೋ ಒಂದು ಸಣ್ಣ ಶ್ವಾಸನಾಳವನ್ನು ಮುಚ್ಚಿದ್ದರೆ, ನೀವು ಉಸಿರು ಬಿಡುತ್ತಿದ್ದರೂ ಅದರ ಹಿಂದಿನ ಗಾಳಿ ಹೊರಬರದು. ಮೇಲೇರುವಾಗ ಅದು ಹಿಗ್ಗಿ ಆ ಜಾಗ ಹರಿಯಬಹುದು. ಶ್ವಾಸಕೋಶ ತಜ್ಞರಲ್ಲಿ ಎಕ್ಸ್‌ರೇ, ಊದುವ ಪರೀಕ್ಷೆ ಮಾಡಿಸಿ, ಸ್ಕೂಬಾಗೆ ಎಂದೇ ಹೇಳಿ ಪತ್ರ ಪಡೆಯಿರಿ. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಕೆಲಸದವರಿಗೂ ಇದೇ ಮಾತು. ವೈದ್ಯರು ಬೇಡವೆಂದರೆ ಮೇಲೆಯೇ ತೇಲುತ್ತ, ಕೊಳವೆಯಿಂದ ಉಸಿರಾಡುತ್ತ ಸ್ನಾರ್ಕೆಲ್ ಮಾಡಬಹುದೇ ಎಂದು ಅವರನ್ನೇ ಕೇಳಿ. ತಿಳಿನೀರಿನಲ್ಲಿ ಹವಳ ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ.

ಈಜು ಬಾರದ ನಮ್ಮಿಬ್ಬರಿಗೆ ನೇತ್ರಾಣಿಯೋ, ಅಂಡಮಾನೋ?
— ಬಳ್ಳಾರಿಯ ದಂಪತಿ

ನೇತ್ರಾಣಿ ಹತ್ತಿರ, ಖರ್ಚೂ ಕಡಿಮೆ. ಆದರೆ ಮುರುಡೇಶ್ವರದಿಂದ ಬೋಟಿನಲ್ಲಿ ಸುಮಾರು 19 ಕಿಲೋಮೀಟರ್ ಒಳಗೆ ಹೋಗಬೇಕು, ತೆರೆದ ಕಡಲಲ್ಲೇ ನೀರಿಗಿಳಿಯಬೇಕು. ಹಲವರು ನೀರಿಗಿಂತ ಮೊದಲು ಬೋಟಿಗೇ ಸುಸ್ತಾಗುತ್ತಾರೆ. ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಗಂಟೆ ಮೊದಲೇ ತೆಗೆದುಕೊಳ್ಳಿ. ಮಿರ್ಚಿ, ಒಗ್ಗರಣೆ ಬೇಡ, ಎರಡು ಇಡ್ಲಿ ಸಾಕು. ಜೂನ್‌ನಿಂದ ಸೆಪ್ಟೆಂಬರ್ ಅಲ್ಲಿಗೆ ಕಾಲವಲ್ಲ.

ನೀರಿಗೇ ಅಂಜುವವರಾದರೆ ನಮ್ಮ ಮತ ಸ್ವರಾಜ್ ದ್ವೀಪದ ನೀಮೋ ರೀಫ್‌ಗೆ. ಹಿಂದೆ ಹ್ಯಾವ್‌ಲಾಕ್ ಎನ್ನುತ್ತಿದ್ದ ದ್ವೀಪವದು. ಅಲ್ಲಿ ದಂಡೆಯಿಂದಲೇ ನಡೆದು ಇಳಿಯಬಹುದು. ಮರಳಿನ ನೆಲ ಮೆಲ್ಲಗೆ ಆಳವಾಗುತ್ತದೆ. ಸೊಂಟಮಟ್ಟದ ನೀರಿನವರೆಗೆ ಫಿನ್ಸ್ ಕೈಯಲ್ಲಿರಲಿ, ಅಲ್ಲಿ ಜೊತೆಗಾರರ ಹೆಗಲು ಹಿಡಿದು ಹಾಕಿಕೊಳ್ಳಿ. ಫಿನ್ಸ್ ಹಾಕಿ ನಡೆಯಬೇಕಾದರೆ ಹಿಮ್ಮುಖವಾಗಿ, ಕಾಲು ಎತ್ತದೆ ಎಳೆಯುತ್ತ. ಮರಳಲ್ಲಿ ಅಡಗಿದ, ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ಆ ಸದ್ದಿಗೆ ಸರಿದುಹೋಗುತ್ತದೆ.

ಇನ್‌ಸ್ಟ್ರಕ್ಟರ್ ಜೊತೆಗಿನ ಪರಿಚಯ ಡೈವಿಗೆ ಈಜು ಬಾರದವರನ್ನೂ ಇಲ್ಲಿ ಕರೆದೊಯ್ಯುತ್ತಾರೆ, 12 ಮೀಟರ್ ಅದರ ಮಿತಿ. ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ ಎಂದು ಮೊದಲೇ ಕೇಳಿ. ನಿಮಗೆ ತಲಾ ಒಬ್ಬರು ಬೇಕೆಂದು ಪಟ್ಟು ಹಿಡಿಯಿರಿ. ಸನ್ನೆಗಳನ್ನೂ ಕಲಿತುಕೊಳ್ಳಿ. ನಾವು ‘ಸೂಪರ್’ ಎಂದು ಎತ್ತುವ ಹೆಬ್ಬೆರಳಿಗೆ ಅಲ್ಲಿ ‘ಮೇಲೆ ಹೋಗೋಣ’ ಎಂಬ ಅರ್ಥ. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು–ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ದಂಡೆಯಲ್ಲಿ ಬಿದ್ದ ಹವಳದ ಚೂರು ತರಬಹುದೇ?
— ಮಾನ್ವಿಯ ಓದುಗರು

ಬೇಡ. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ಸತ್ತ ಚೂರಿಗೂ ಅದು ಅನ್ವಯ.

ಮುರುಡೇಶ್ವರದಲ್ಲಿ ಬೆಳಿಗ್ಗೆ ಡೈವ್ ಮಾಡಿ ಅಂದೇ ಸಂಜೆ ಕಾರಿನಲ್ಲಿ ಬಳ್ಳಾರಿಗೆ ಹೊರಡಬಹುದೇ? ವಿಮಾನಕ್ಕೆ ಮಾತ್ರ ನಿಯಮವಲ್ಲವೇ?
— ಬಳ್ಳಾರಿಯ ಓದುಗರು

ಬಹಳ ಜನ ಕೇಳದೇ ಬಿಡುವ ಪ್ರಶ್ನೆಯಿದು. ಒತ್ತಡದಲ್ಲಿ ಉಸಿರಾಡುವಾಗ ನೈಟ್ರೋಜನ್ ರಕ್ತ, ಕೊಬ್ಬು, ಕೀಲುಗಳಲ್ಲಿ ಕರಗಿ ಸೇರುತ್ತದೆ, ಗಂಟೆಗಟ್ಟಲೆ ಮೆಲ್ಲಗೆ ಹೊರಹೋಗುತ್ತದೆ. ಅಷ್ಟರಲ್ಲಿ ಎತ್ತರಕ್ಕೆ ಏರಿದರೆ ಒತ್ತಡ ಇಳಿದು, ಸೋಡಾ ಬಾಟಲಿ ತೆರೆದಂತೆ ಗುಳ್ಳೆಯಾಗಬಹುದು. ವಿಮಾನಕ್ಕೆ ಒಂದು ಡೈವ್ ಆದರೆ 12 ಗಂಟೆ, ಹೆಚ್ಚಾದರೆ 18 ಗಂಟೆ ಕನಿಷ್ಠ ಅಂತರವಿರಬೇಕು. ಅಂಡಮಾನಿಗೆ ಹೋಗುವವರು ಡೈವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು.

ಸುಮಾರು 600 ಮೀಟರ್ ಎತ್ತರ ದಾಟುವ ರಸ್ತೆಗೂ ಇದೇ ಎಚ್ಚರ ಬೇಕು. ಬಳ್ಳಾರಿ ಐನೂರು ಮೀಟರಿನೊಳಗೇ ಇದೆ, ಆದರೆ ಘಟ್ಟ ಹತ್ತಿದ ಮೇಲೆ ದಾರಿಯಲ್ಲಿ ಸಿಗುವ ಹುಬ್ಬಳ್ಳಿ 600 ಮೀಟರಿಗಿಂತ ಎತ್ತರ. ಐದಾರು ಮೀಟರಿನ ಒಂದೇ ಪರಿಚಯ ಡೈವಿನಲ್ಲಿ ಅಪಾಯ ತೀರ ಕಡಿಮೆ, ನಿಜ. ಆದರೂ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಬೆಳಿಗ್ಗೆ ಹೊರಡಿ. ಅಂದು ಮದ್ಯ ಬೇಡ, ನೀರು ಚೆನ್ನಾಗಿ ಕುಡಿಯಿರಿ. ಭುಜ–ಮೊಣಕೈ ಕೀಲುನೋವು, ಜುಮುಜುಮು, ತಲೆಸುತ್ತು, ಮೈಮೇಲೆ ಕಲೆ, ಅತಿಯಾದ ಸುಸ್ತು ಇವುಗಳಲ್ಲಿ ಯಾವುದು ಕಂಡರೂ ಘಟ್ಟ ಹತ್ತಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಆಕ್ಸಿಜನ್ ಕೇಳಿ, ಎಷ್ಟು ಗಂಟೆಗೆ ಎಷ್ಟು ಆಳಕ್ಕೆ ಇಳಿದಿದ್ದಿರಿ ಎಂದು ವೈದ್ಯರಿಗೆ ತಪ್ಪದೆ ಹೇಳಿ.