ಒಳಗೆ ಧಾರೆ, ಹೊರಗೆ ಜನ: ಹಳೆಯ ಮನೆಯ ಮದುವೆಗೆ ಓದುಗರ ಪ್ರಶ್ನೆಗಳು

ಕಲ್ಯಾಣ ಮಂಟಪ ಬೇಡ, ತೊಟ್ಟಿ ಮನೆಯಲ್ಲೋ ಕರಾವಳಿಯ ಹಳೆಯ ಮನೆತನಗಳ ಗುತ್ತಿನ ಮನೆಯಲ್ಲೋ ಮದುವೆ ಮಾಡಬೇಕು ಎನ್ನುವವರ ಪತ್ರಗಳೇ ಈ ಸಲ ಹೆಚ್ಚು. ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರ: ತೀರ್ಥಹಳ್ಳಿ ಕಡೆ ಒಂದು ತೊಟ್ಟಿ ಮನೆ ನೋಡಿ ಬಂದೆವು. 400 ಜನ ಆರಾಮವಾಗಿ ಹಿಡಿಯುತ್ತಾರೆ ಎಂದರು. ನಂಬಬಹುದೇ? (ಶಿವಮೊಗ್ಗ)

ಟೇಪು ಹಿಡಿದು ಅಳೆಯುವ ತನಕ ನಂಬಬೇಡಿ. ಮನೆಯ ನಡುವೆ ಆಕಾಶಕ್ಕೆ ತೆರೆದಿರುವ ತೊಟ್ಟಿ 14 ಅಡಿ ಚೌಕ ಇದೆ ಎಂದುಕೊಳ್ಳೋಣ. 8 ಅಡಿಯ ಮಂಟಪ ಇಟ್ಟರೆ ಸುತ್ತ ಉಳಿಯುವುದು ಮೂರು ಮೂರು ಅಡಿ. ಪುರೋಹಿತರು, ಸೋದರಮಾವ, ವಿಡಿಯೋದವರ ಎರಡು ಸ್ಟ್ಯಾಂಡು ಬಂದರೆ ಆ ಜಾಗವೂ ಮುಗಿಯಿತು. ಜಗಲಿಯ ಅಂಚಿನಲ್ಲಿ ಒಂದು ಸಾಲು ಕೂತು, ಹಿಂದೆ ಒಂದು ಸಾಲು ನಿಂತು, ಕಂಬಗಳಿಗೆ ಹೋದದ್ದನ್ನು ಕಳೆದರೆ ಧಾರೆ ಕಣ್ಣಾರೆ ಕಾಣುವುದು ಸುಮಾರು 60 ಮಂದಿಗೆ. ಉಳಿದ 340 ಜನ ವಾಲಗ ಕೇಳಿ ಮುಹೂರ್ತವಾಯಿತು ಎಂದು ತಿಳಿಯಬೇಕು.

ಊಟದ ಲೆಕ್ಕ ಇನ್ನೂ ಬಿಗಿ. ಒಂದು ಎಲೆಗೆ ಎರಡು ಅಡಿ ಉದ್ದ ಬೇಕು. ಆರು ಅಡಿ ಅಗಲದ ಜಗಲಿಯಲ್ಲಿ ಎಲೆ, ಕೂರುವ ಜಾಗ, ಬಡಿಸುವವರ ದಾರಿ ಸೇರಿ ಒಂದೇ ಸಾಲು. ನಾಲ್ಕು ಬದಿಯ ಬಾಗಿಲು, ಮೂಲೆ ಬಿಟ್ಟರೆ ಒಂದು ಪಂಕ್ತಿಗೆ 30 ಎಲೆ. 400 ಜನಕ್ಕೆ 13ಕ್ಕೂ ಹೆಚ್ಚು ಪಂಕ್ತಿ. ಪಂಕ್ತಿಗೆ 40 ನಿಮಿಷವೆಂದರೂ ಒಂಬತ್ತು ಗಂಟೆ ಹತ್ತಿರ!

ಆದ್ದರಿಂದ ಊಟ ಅಂಗಳಕ್ಕೇ ಹೋಗಬೇಕು. ಮೇಜು ಒಂದೂವರೆ ಅಡಿ, ಕುರ್ಚಿ ಎರಡೂವರೆ, ಬಡಿಸುವ ದಾರಿ ಮೂರು. ಒಂದು ಸಾಲಿಗೆ 7 ಅಡಿ. 60ಕ್ಕೆ 40 ಅಡಿಯ ಅಂಗಳದಲ್ಲಿ ಐದು ಸಾಲು, ಓಡಾಡುವ ದಾರಿ ಬಿಟ್ಟು ಸಾಲಿಗೆ 26 ಎಲೆ, ಒಟ್ಟು 130. ಮೂರು ಪಂಕ್ತಿಯಲ್ಲಿ ನೆಂಟರು, ನಾಲ್ಕನೆಯದರಲ್ಲಿ ತಡವಾಗಿ ಬಂದವರು ಮತ್ತು ಕೆಲಸದವರು.

ಅಂಗಳ ಖಾಲಿ ಇರುತ್ತದೆಯೇ ಎಂದು ಮಾತ್ರ ಈಗಲೇ ಕೇಳಿ. ಮದುವೆಗೆ ಹವೆ ಚೆನ್ನಾಗಿರುವ ನವೆಂಬರಿನಿಂದ ಜನವರಿಯೇ ಅಡಿಕೆ ಕೊಯ್ಲಿನ ಕಾಲ. ನೀವು ನೋಡಿ ಬಂದಾಗ ಮೈದಾನದಂತಿದ್ದ ಅಂಗಳದಲ್ಲಿ ಮದುವೆಯ ವಾರ ಬೇಯಿಸಿದ ಅಡಿಕೆ ಹರಡಿರಬಹುದು. ಯಾವ ಮನೆಯವರೂ ನಿಮ್ಮ ಊಟಕ್ಕಾಗಿ ವರ್ಷದ ಬೆಳೆ ಗುಡಿಸಿಡುವುದಿಲ್ಲ, ಇಡಬೇಕಾಗಿಯೂ ಇಲ್ಲ.

ಪ್ರ: ಮಹಡಿಯಲ್ಲಿ ಮರದ ಹಲಗೆಯ ದೊಡ್ಡ ಹಜಾರವಿದೆ. ಹಿಂದಿನ ದಿನ ಸಂಗೀತ್, ಡಾನ್ಸ್ ಅಲ್ಲಿ ಇಡಬಹುದೇ? (ಬೆಂಗಳೂರು)

ಬೇಡ.

ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ, ಕುರ್ಚಿ ಬಿಗಿಯದ ಸಭಾಂಗಣದ ನೆಲಕ್ಕೆ ಸುಮಾರು 500 ಕಿಲೋ ಭಾರ ಹಿಡಿಯಬೇಕೆಂದು ಭಾರತೀಯ ಮಾನಕ 875ರ ಎರಡನೆಯ ಭಾಗ ಹೇಳುತ್ತದೆ. ಇದು ಹೊಸದಾಗಿ ಕಟ್ಟುವವರಿಗೆ ಕೊಟ್ಟ ಲೆಕ್ಕ. ಒಂದು ಚದರ ಮೀಟರಿನಲ್ಲಿ ನಾಲ್ವರು ಒತ್ತಾಗಿ ನಿಂತರೆ 260 ಕಿಲೋ ಆಯಿತು, ಅಂದರೆ ಮನೆಯ ಲೆಕ್ಕ ಅಲ್ಲಿಗೇ ದಾಟಿತು. ತಾಳಕ್ಕೆ ಎಲ್ಲರೂ ಒಟ್ಟಿಗೆ ಕುಣಿದರೆ ನೆಲದ ಮೇಲೆ ಬೀಳುವ ಪೆಟ್ಟು ತೂಕಕ್ಕಿಂತ ಎಷ್ಟೋ ಹೆಚ್ಚು.

ಹಳೆಯ ಮನೆಯ ತೊಲೆ ನಡುವೆ ಗಟ್ಟಿಯಾಗಿದ್ದು ಗೋಡೆಯೊಳಗೆ ಹುದುಗಿದ ತುದಿಯಲ್ಲಿ ಕೊಳೆತಿರಬಹುದು. ತೇವ ಕೂರುವುದೂ ಗೆದ್ದಲು ಹಿಡಿಯುವುದೂ ಅಲ್ಲೇ, ಕಣ್ಣಿಗೆ ಕಾಣದ ಕಡೆ. ಕೆಳಗೆ ನಿಂತು ನೋಡಿ: ತೊಲೆಯ ಬುಡದ ಗೋಡೆಯಲ್ಲಿ ಸಣ್ಣ ಮರದ ಹುಡಿ ಉದುರಿದೆಯೇ, ಮೇಲಿನ ಕೋಣೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆಯೇ, ಎರಡು ತುದಿಗೆ ದಾರ ಬಿಗಿದು ಹಿಡಿದರೆ ತೊಲೆಯ ನಡು ಜೋತಿದೆಯೇ. ಮೂರರಲ್ಲಿ ಒಂದಿದ್ದರೂ ಮಹಡಿಗೆ ಬೀಗ ಹಾಕಿಸಿ. ಮೂರೂ ಇಲ್ಲದಿದ್ದರೆ ಮದುಮಗಳ ಅಲಂಕಾರದ ಕೋಣೆ ಮಾಡಿಕೊಳ್ಳಿ. ಒಮ್ಮೆಗೆ ಹದಿನೈದು ಇಪ್ಪತ್ತು ಜನ, ಮೆಟ್ಟಿಲ ಬುಡದಲ್ಲಿ ಎಣಿಸಿ ಬಿಡುವ ಒಬ್ಬರು. ಕುಣಿತಕ್ಕೆ ಅಂಗಳದ ಗಟ್ಟಿ ನೆಲ ಇದ್ದೇ ಇದೆ.

ಪ್ರ: ಮನೆಯಲ್ಲಿ ಮೂರು ಶೌಚಾಲಯ, ತುಂಬಿದ ಬಾವಿ ಇದೆ. ಸಾಲದೇ? (ಸಾಗರ)

ಸಾಲದು. ನೆಂಟರು ಮನೆಗೆ ಹೋಗಿ ದೂರುವುದು ಹೋಳಿಗೆಯ ರುಚಿಯನ್ನಲ್ಲ, ಇದನ್ನೇ. ಎಂಟು ಹತ್ತು ಜನದ ಮನೆಗೆಂದು ಕಟ್ಟಿದ ಸೆಪ್ಟಿಕ್ ಟ್ಯಾಂಕು ಎರಡು ಮೂರು ಸಾವಿರ ಲೀಟರಿನದು. 400 ಜನ ಎರಡು ಸಲ ಹೋಗಿ, ಸಲಕ್ಕೆ 6 ಲೀಟರ್ ಸುರಿದರೆ 4,800 ಲೀಟರ್. ಮಧ್ಯಾಹ್ನದ ಎರಡನೇ ಪಂಕ್ತಿಯ ಹೊತ್ತಿಗೆ ಅದು ಹಿತ್ತಿಲಿಗೆ ಉಕ್ಕುತ್ತದೆ, ಹಿತ್ತಿಲಲ್ಲೇ ಅಡುಗೆಯವರೂ ಇರುತ್ತಾರೆ.

ಟ್ಯಾಂಕನ್ನು ಒಂದು ವಾರ ಮೊದಲೇ ಖಾಲಿ ಮಾಡಿಸಿ. ಕೈ ತೊಳೆಯುವ ನೀರು ಅದಕ್ಕೆ ಸೇರದಂತೆ ಬೇರೆ ಪೈಪಿನಲ್ಲಿ ತೋಟಕ್ಕೆ ಬಿಡಿ. 50 ಜನಕ್ಕೊಂದರಂತೆ ಬಾಡಿಗೆ ಶೌಚಾಲಯ ತರಿಸಿ, ಮನೆಯೊಳಗಿನ ಮೂರನ್ನು ವಯಸ್ಸಾದವರಿಗೆ ಮತ್ತು ಮದುಮಕ್ಕಳಿಗೆ ಇಟ್ಟುಕೊಳ್ಳಿ. ಬಾಡಿಗೆಯವು ಬಾವಿಯಿಂದ ದೂರ, ಇಳಿಜಾರಿನ ಕೆಳಗಡೆ ಇರಲಿ.

ನೀರು ತಲೆಗೆ 30 ಲೀಟರ್ ಹಿಡಿಯಿರಿ, 12,000 ಆಯಿತು, 6,000 ಲೀಟರಿನ ಎರಡು ಟ್ಯಾಂಕರು. ಜನವರಿಯಲ್ಲಿ ತುಂಬಿರುವ ಬಾವಿ ಏಪ್ರಿಲಿನಲ್ಲಿ ತಳ ಕಾಣಬಹುದು, ಮದುವೆಯ ತಿಂಗಳಲ್ಲೇ ಇಣುಕಿ ನೋಡಿ. ಬಾಳೆಎಲೆಯ ಊಟವಾದರೆ ತಟ್ಟೆ ತೊಳೆಯುವ ನೀರು ಉಳಿಯುತ್ತದೆ. ಬಫೆ ಎಂದು ಹಠ ಹಿಡಿದವರು ಮೂರನೇ ಟ್ಯಾಂಕರಿಗೆ ಹೇಳಿಡಲಿ.

ಪ್ರ: ಕರೆಂಟಿನ ಭಾರ ಹೇಗೆ ಲೆಕ್ಕ ಹಾಕುವುದು? (ಹಾಸನ)

ಮನೆಯ ವೈರಿಗೆ ನಿಮ್ಮ ಒಂದು ದೀಪವನ್ನೂ ಸಿಕ್ಕಿಸಬೇಡಿ. ಮರದ ಪಟ್ಟಿಯ ಮೇಲೆ ಎಳೆದ ಹಳೆಯ ವೈರು, 5 ಆಂಪಿಯರಿನ ಪ್ಲಗ್ಗು, ಬಹಳ ಕಡೆ ಅರ್ಥಿಂಗೇ ಇಲ್ಲ. ಫ್ಯೂಸ್ ಹಾರಿದರೆ ಅದೃಷ್ಟ, ಹಾರದೆ ವೈರು ಬಿಸಿಯಾದರೆ ಸುತ್ತ ಇರುವುದೆಲ್ಲ ಒಣ ಮರ.

ಅಲಂಕಾರದ ಎಲ್‌ಇಡಿ ದೀಪ 150 ವ್ಯಾಟಿನವು 20 ಎಂದರೆ 3 ಕಿಲೋವ್ಯಾಟ್. ಧ್ವನಿಗೆ 5, ಅಡುಗೆಯವರ ರುಬ್ಬುವ ಯಂತ್ರ ಮತ್ತು ಮಿಕ್ಸಿಗೆ 4, ಎರಡು ಬಾಡಿಗೆ ಎಸಿಗೆ ಮೂರೂವರೆ, ಪಂಪು, ಫ್ಯಾನು, ಅಂಗಳದ ದೀಪಕ್ಕೆ 6. ಒಟ್ಟು ಇಪ್ಪತ್ತೊಂದೂವರೆ. ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು, ಅಂದರೆ ಪವರ್ ಫ್ಯಾಕ್ಟರ್, 0.8 ಎಂದು ಭಾಗಿಸಿದರೆ ಜನರೇಟರಿನ ಅಳತೆಯಲ್ಲಿ 27 ಕೆವಿಎ. ರುಬ್ಬುವ ಯಂತ್ರ, ಪಂಪು ಹೊರಡುವಾಗ ಎಳೆಯುವ ಹೆಚ್ಚಿನ ಭಾರಕ್ಕೂ ಜಾಗವಿರಬೇಕು, ಹಾಗಾಗಿ 40 ಕೆವಿಎ ಜನರೇಟರು. ದೊಡ್ಡ ಎಲ್‌ಇಡಿ ಪರದೆ ಇದ್ದರೆ 62.5. ಅದನ್ನು ಮನೆಯಿಂದ ಕನಿಷ್ಠ 30 ಮೀಟರ್ ಆಚೆ, ಹೊಗೆ ತೊಟ್ಟಿಗೆ ಬಾರದ ದಿಕ್ಕಿನಲ್ಲಿ ನಿಲ್ಲಿಸಿ. ಅದಕ್ಕೇ ಬೇರೆ ಅರ್ಥಿಂಗ್, ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು. ಒದ್ದೆ ನೆಲ, ಬರಿಗಾಲು, ರೇಷ್ಮೆ ಸೀರೆ ಎಲ್ಲ ಒಟ್ಟಿಗೆ ಇರುವ ಜಾಗ ಇದು.

ಪ್ರ: ತೊಟ್ಟಿಯಲ್ಲಿ ಹೋಮ, ಹಿಂದಿನ ಮಾಡಿನ ಕೆಳಗೆ ಅಡುಗೆ ಅಂದುಕೊಂಡಿದ್ದೇವೆ. ಬೆಂಕಿಯ ಭಯ ಉಂಟೇ? (ಉಡುಪಿ)

ಹೋಮಕ್ಕಿಂತ ಅಡುಗೆಯ ಭಯ ಹೆಚ್ಚು. ತೊಟ್ಟಿಯ ಮೇಲೆ ಆಕಾಶವಿದೆ. ಹೋಮಕುಂಡ ನಡುವಿನಲ್ಲಿದ್ದು, ಬಿಸಿಲಿಗೆಂದು ಮೇಲೆ ಬಟ್ಟೆಯನ್ನಾಗಲಿ ಟಾರ್ಪಾಲನ್ನಾಗಲಿ ಕಟ್ಟದಿದ್ದರೆ ತೊಂದರೆ ಕಡಿಮೆ. ಹಿಂದಿನ ಮಾಡು ಹಾಗಲ್ಲ. ಹೆಂಚಿನ ಕೆಳಗೆ ಒಣಗಿದ ರೀಪು, ಅದರ ಮೇಲೆ ವರ್ಷಗಳ ಮಸಿ, ಜೇಡರ ಬಲೆ. ಎಣ್ಣೆ ಬಾಣಲೆ ಹೊತ್ತಿಕೊಂಡರೆ ಜ್ವಾಲೆ ಮಾಡು ಮುಟ್ಟಲು ಎರಡು ಕ್ಷಣ ಸಾಕು. ಅಡುಗೆಯನ್ನು ತಗಡಿನ ಶೆಡ್ಡಿನಲ್ಲಿ, ಮನೆಯಿಂದ ಹದಿನೈದು ಮೀಟರ್ ಆಚೆ ಇಡಿ. 19 ಕಿಲೋ ಸಿಲಿಂಡರುಗಳು ಶೆಡ್ಡಿನ ಹೊರಗೆ ನೆರಳಲ್ಲಿ ನೆಟ್ಟಗೆ ನಿಲ್ಲಲಿ. ಒಲೆಯ ಹತ್ತಿರ ಬೆಂಕಿ ಆರಿಸುವ 6 ಕಿಲೋ ಎಬಿಸಿ ಪುಡಿಯ ಎರಡು ಉಪಕರಣ, ಎಣ್ಣೆ ಬಾಣಲೆಗೆ ಮುಚ್ಚಲು ಅದರ ಅಳತೆಯ ತಗಡು. ಉರಿಯುವ ಎಣ್ಣೆಗೆ ನೀರು ಎರಚಬಾರದು ಎಂದು ಸಹಾಯಕರಿಗೂ ಹೇಳಿರಿ.

ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದು ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲೇ. ಆಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಟ್ಟಿ 1912ರಲ್ಲಿ ಮುಗಿಸಿದ ಈಗಿನ ಅರಮನೆಯ ಕಲ್ಯಾಣ ಮಂಟಪಕ್ಕೆ ನಿಂತಿರುವುದು ಎರಕದ ಕಬ್ಬಿಣದ ಕಂಬಗಳು.

ಪ್ರ: ಹಾಗಾದರೆ ಮೈಸೂರಿನ ಅರಮನೆಯಲ್ಲೇ ಮದುವೆ ಮಾಡಬಹುದೇ? ಹಳೆಯ ದೇವಸ್ಥಾನದ ಮಂಟಪದಲ್ಲಿ? (ಮಂಡ್ಯ)

ಮುಖ್ಯ ಅರಮನೆ ನೋಡುವ ಜಾಗ, ಬಾಡಿಗೆಯ ಛತ್ರವಲ್ಲ. ಅರಮನೆಯ ಹಿನ್ನೆಲೆಯೇ ಬೇಕೆಂದರೆ 1921ರಲ್ಲಿ ಅಡಿಗಲ್ಲು ಹಾಕಿದ, ಹೋಟೆಲಾದ ಲಲಿತ ಮಹಲ್ ಇದೆ. ಬೆಂಗಳೂರಿನಲ್ಲಿ ಅರಮನೆ ಮೈದಾನವಿದೆ. ದೇವಸ್ಥಾನವೇ ಆಗಲಿ, ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದಲ್ಲಿ ಸಭೆ, ಆರತಕ್ಷತೆ, ಔತಣ ನಡೆಸಲು 1959ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕು. ಯಾರೋ ಸ್ಥಳೀಯರು "ನಾನು ಮಾಡಿಸಿಕೊಡ್ತೀನಿ" ಎಂದರೆ ಮುಂಗಡ ಕೊಡಬೇಡಿ.

ಪ್ರ: ಅಲಂಕಾರದವರು ಗೋಡೆಗೆ ಏನೂ ಆಗುವುದಿಲ್ಲ ಅನ್ನುತ್ತಾರೆ. ಮನೆಯವರು 50,000 ಠೇವಣಿ ಕೇಳುತ್ತಾರೆ. (ಧಾರವಾಡ)

ಮನೆಯವರ ಭಯ ಸರಿಯಾದದ್ದೇ. ಸುಣ್ಣದ ಗಾರೆಗೆ ಮೊಳೆ ಹೊಡೆದರೆ ಅಂಗೈಯಗಲ ಕಿತ್ತು ಬರುತ್ತದೆ, ಎರಡು ಬದಿ ಅಂಟುವ ಟೇಪು ಸುಣ್ಣದ ಪದರವನ್ನೇ ಸುಲಿಯುತ್ತದೆ. ಕಿತ್ತ ಜಾಗಕ್ಕೆ ಸಿಮೆಂಟು ಮೆತ್ತಿಸಿ ಕೈ ತೊಳೆದುಕೊಳ್ಳುವುದು ಇನ್ನೂ ಕೆಟ್ಟದ್ದು: ಗೋಡೆಯ ತೇವ ಹೊರಬರಲು ದಾರಿಯಿಲ್ಲದೆ ಮುಂದಿನ ಮಳೆಗಾಲಕ್ಕೆ ಸುತ್ತಲಿನ ಗಾರೆಯನ್ನೂ ಎಳೆದುಕೊಂಡು ಬೀಳುತ್ತದೆ. ಹಿನ್ನೆಲೆಗೆ ತಾನೇ ನಿಲ್ಲುವ ಚೌಕಟ್ಟು, ಬುಡಕ್ಕೆ ಮರಳು ಚೀಲ. ಕೆತ್ತನೆಯ ಕಂಬಕ್ಕೆ ಹಳೇ ಬಟ್ಟೆ ಸುತ್ತಿ ಅದರ ಮೇಲೆ ಹತ್ತಿಯ ಹಗ್ಗ. ಹೆಂಚಿನ ಮೇಲೆ ಯಾರೂ ಕಾಲಿಡಬಾರದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದು ಮುಚ್ಚಿದವು, ಒಂದರ ಹೆಂಚಿನ ಕಚ್ಚು ಇನ್ನೊಂದಕ್ಕೆ ಕೂರುವುದಿಲ್ಲ. ಒಡೆದ ಹೆಂಚಿಗೆ ಜೋಡಿ ಹುಡುಕುವುದೇ ತಿಂಗಳ ಕೆಲಸ.

ಬಾಳೆಕಂಬದ ಸೊನೆಯನ್ನು ಮರೆಯುವವರೇ ಹೆಚ್ಚು. ಅದು ಮರಕ್ಕೂ ನೆಲಕ್ಕೂ ಹತ್ತಿದರೆ ಕಪ್ಪು ಕಲೆ ಹೋಗುವುದಿಲ್ಲ. ಕಡಿದ ಬುಡವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಕೆಟ್ಟಿನಲ್ಲಿ ನಿಲ್ಲಿಸಿ. ಅರಿಶಿನ ಶಾಸ್ತ್ರವನ್ನು ರೆಡ್ ಆಕ್ಸೈಡ್ ನೆಲದ ಮೇಲೆ ಮಾಡದೆ ತೊಟ್ಟಿಯ ಕಲ್ಲಿನ ಮೇಲೋ ಅಂಗಳದಲ್ಲೋ ಮಾಡಿ. ಎಣ್ಣೆ ಬೆರೆತ ಅರಿಶಿನ ನೆಲದ ಕೂದಲೆಳೆಯಂಥ ಬಿರುಕಿಗೆ ಇಳಿದರೆ ಉಳಿದೇಬಿಡುತ್ತದೆ. ಕಲೆ ತೆಗೆಯಲು ಆ್ಯಸಿಡ್ ಹಾಕಿದರೆ ನೆಲ ಬಿಳಚಿಕೊಳ್ಳುತ್ತದೆ. ಕುರ್ಚಿ ಕಾಲಿಗೆ ರಬ್ಬರು ಟೊಪ್ಪಿ ಇರಲಿ. ಠೇವಣಿ ಕೊಡಿ. ಆದರೆ ಮುಂಚಿನ ದಿನವೇ ಮನೆಯವರನ್ನು ಜತೆಗಿಟ್ಟುಕೊಂಡು ಗೋಡೆ, ಕಂಬ, ನೆಲದ ಫೋಟೊ ದಿನಾಂಕ ಸಹಿತ ತೆಗೆದಿಡಿ.

ಪ್ರ: ರಾತ್ರಿ 11ರವರೆಗೆ ಡಿಜೆ? (ಬೆಳಗಾವಿ)

ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿಷೇಧ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿದೆ. ಸಭಾಂಗಣದಂಥ ಮುಚ್ಚಿದ ಜಾಗಕ್ಕೆ ವಿನಾಯಿತಿ ಉಂಟು. ಆಕಾಶ ಕಾಣುವ ತೊಟ್ಟಿ ಮುಚ್ಚಿದ ಜಾಗವಾಗುವುದಿಲ್ಲ. ಹಗಲಿಗೂ ಲಿಖಿತ ಅನುಮತಿ ಪಡೆಯಿರಿ. ಮದ್ಯ ಬಡಿಸುವುದಾದರೆ ಅಬಕಾರಿ ಇಲಾಖೆಯ ಸಿಎಲ್-5 ಸಾಂದರ್ಭಿಕ ಪರವಾನಗಿ ಬೇಕು, ಅದಕ್ಕೂ ಮೊದಲು ಮನೆಯವರ ಒಪ್ಪಿಗೆ.

ಪ್ರ: ಗಾಲಿಕುರ್ಚಿಯಲ್ಲಿ ಬರುವ ಅಜ್ಜಿ ಇದ್ದಾರೆ. (ಕುಂದಾಪುರ)

ಹೊಸ್ತಿಲ ಎತ್ತರ ಅಳೆಯಿರಿ. ಒಂದಕ್ಕೆ ಹನ್ನೆರಡರ ಇಳಿಜಾರು ಬೇಕು. 9 ಅಂಗುಲದ ಹೊಸ್ತಿಲಿಗೆ 9 ಅಡಿ ಹಲಗೆ, ಎರಡೂ ಬದಿಗೆ. ಹೊಸ್ತಿಲ ಮೇಲೆ ಹಲಗೆ ಇಡಲು ಕೆಲವು ಮನೆಯವರು ಒಪ್ಪುವುದಿಲ್ಲ, ಆಗ ಪಕ್ಕದ ಬಾಗಿಲು ನೋಡಿ. ಬಾಗಿಲ ಎತ್ತರ ಐದಡಿ ಇದ್ದರೆ ಮೇಲ್ಪಟ್ಟಿಗೆ ಹೂವಿನ ದಪ್ಪ ತೋರಣ ಕಟ್ಟಿ. ತಲೆ ತಾಗುವುದು ಮೊದಲು ಹೂವಿಗೆ ತಾಗಲಿ.

ಪ್ರ: ಮಾಡಿನ ಅಂಚಿನಲ್ಲಿ ಜೇನುಗೂಡು ಇದೆ, ಶುಭ ಅನ್ನುತ್ತಾರೆ. (ಶಿರಸಿ)

ಗೋಡೆಯ ಪೊಟರೆಯಲ್ಲಿರುವ ತುಡುವೆ ಜೇನಾದರೆ ಇರಲಿ ಬಿಡಿ. ಬಯಲಲ್ಲಿ ಒಂದೇ ದೊಡ್ಡ ಎರಿ ಜೋತಿದ್ದರೆ ಅದು ಹೆಜ್ಜೇನು. ಹೋಮದ ಹೊಗೆ, ಪಟಾಕಿ, ಹತ್ತಿರ ಹಾರುವ ಡ್ರೋನು ಅದನ್ನು ಕೆಣಕಿದರೆ ಇಡೀ ಮದುವೆ ಚದುರುತ್ತದೆ. ಎರಡು ಮೂರು ವಾರ ಮೊದಲೇ ಬಲ್ಲವರನ್ನು ಕರೆಸಿ ರಾತ್ರಿ ಹೊತ್ತು ಎಬ್ಬಿಸಿ. ಮದುವೆಯ ಹಿಂದಿನ ದಿನ ಎಬ್ಬಿಸಿದರೆ ಸಿಟ್ಟಾದ ಹುಳು ಅಲ್ಲೇ ಸುತ್ತುತ್ತಿರುತ್ತವೆ.

ಪ್ರ: ಕರಾರು ಪತ್ರದಲ್ಲಿ ಏನೇನು ಇರಬೇಕು? (ಮಂಗಳೂರು)

ಬಾಡಿಗೆ, ಸಮಯ, ಠೇವಣಿ ಎಲ್ಲರೂ ಬರೆಯುತ್ತಾರೆ. ಹಳೆಯ ಮನೆಗೆ ಬೇಕಾದ್ದು ಬೇರೆ.

ಮೊದಲನೆಯದು, ಸಹಿ ಯಾರದು. ಅವಿಭಕ್ತ ಕುಟುಂಬದ ಮನೆಗೆ ಹಕ್ಕುದಾರರು ಹಲವರು. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಕಟ್ಟಿನ ಮನೆತನಗಳಲ್ಲಿ ಕವಲು ಕವಲಾಗಿ ಮುಂಬೈ, ದುಬೈವರೆಗೆ ಹರಡಿರುತ್ತಾರೆ. ಮನೆಯಲ್ಲಿ ವಾಸವಿರುವವರು ಒಪ್ಪಿ ಮುಂಗಡ ಪಡೆದ ಮೇಲೆ ಇನ್ನೊಂದು ಕವಲಿನವರು ತಕರಾರು ತೆಗೆದರೆ ನೀವು ಬೀದಿಯಲ್ಲಿ. ಯಜಮಾನರ ಸಹಿಯೋ ಅಧಿಕಾರ ಪತ್ರ ಇರುವವರ ಸಹಿಯೋ ಬೇಕೇ ಬೇಕು.

ಎರಡನೆಯದು ಸೂತಕ. ಆ ಮನೆತನದಲ್ಲಿ ಸಾವಾದರೆ ಹತ್ತು ಹನ್ನೊಂದು ದಿನ ಅಲ್ಲಿ ಮಂಗಳ ಕಾರ್ಯ ನಡೆಯದು, ಕುಟುಂಬ ದೊಡ್ಡದಾದಷ್ಟೂ ಈ ಸಾಧ್ಯತೆ ಹೆಚ್ಚು. ಹಣ ಪೂರ್ತಿ ವಾಪಸು ಎಂದು ಬರೆಸಿ, ಅದೇ ದಿನಕ್ಕೆ ಹತ್ತಿರದ ದೇವಸ್ಥಾನದ ಸಭಾಂಗಣವನ್ನು ಸಣ್ಣ ಮುಂಗಡ ಕೊಟ್ಟು ಹಿಡಿದಿಡಿ. ಕೇಳಲು ಮುಜುಗರ ನಿಜ, ಆದರೆ ಮನೆಯ ಹಿರಿಯರಿಗೆ ಇದು ಹೊಸ ಮಾತಲ್ಲ.

ಮೂರನೆಯದು ದೈವ. ಗುತ್ತಿನ ಮನೆಯ ಚಾವಡಿಯಲ್ಲಿ ದೈವದ ಉಯ್ಯಾಲೆ, ಮಂಚ ಇರುತ್ತದೆ. ದೀಪಾವಳಿಯ ನಂತರದಿಂದ ಮೇ ಕೊನೆಯಲ್ಲಿ ಬರುವ ತುಳುವರ ಪತ್ತನಾಜೆ ದಿನದವರೆಗೆ ನೇಮದ, ಅಂದರೆ ದೈವದ ಕೋಲದ ಕಾಲ, ನಿಮ್ಮ ಮುಹೂರ್ತಗಳೂ ಆಗಲೇ. ನೇಮ, ದೈವಕ್ಕೆ ಪೂಜೆ ಸಲ್ಲಿಸುವ ತಂಬಿಲದ ದಿನಗಳನ್ನು ಕೇಳಿ ಬರೆದುಕೊಂಡೇ ಜೋಯಿಸರ ಹತ್ತಿರ ಹೋಗಿ. ಚಾವಡಿಗೆ ಚಪ್ಪಲಿ, ಮಾಂಸ, ಮದ್ಯ ಎಲ್ಲಿಯವರೆಗೆ ಬರಬಹುದು ಎಂಬ ಗೆರೆಯನ್ನು ನಕ್ಷೆಯಲ್ಲೇ ಎಳೆದು ಇಬ್ಬರೂ ಸಹಿ ಹಾಕಿ, ಅದರ ಒಂದು ಪ್ರತಿ ಅಡುಗೆಯವರಿಗೆ, ಇನ್ನೊಂದು ಫೋಟೊದವರಿಗೆ.